ದಂಗೆಗೂ ಸಿನಿಮಾ ಹಬ್ಬಕ್ಕೂ ಒಬ್ಬನೇ ವರದಿಗಾರ

2023ರ ಏಪ್ರಿಲ್ ಕೊನೆಯ ದಿನಗಳಲ್ಲಿ ಸುಡಾನ್ ನಮ್ಮ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ತೈಲ, ಗಿಡಮೂಲಿಕೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಕುಟುಂಬಗಳು ಡಾರ್ಫರ್ ಸೀಮೆಯ ಅಲ್ ಫಶೀರ್‌ನಲ್ಲಿ, ಆಗಷ್ಟೇ ಶುರುವಾದ ಯುದ್ಧದ ನಡುವೆ ಸಿಕ್ಕಿಬಿದ್ದಿದ್ದವು. ವಿಧಾನಸಭೆ ಚುನಾವಣೆ ಎದುರಿಗೇ ಇತ್ತು. ಸಿದ್ದರಾಮಯ್ಯನವರ ಟ್ವೀಟು, ಅದಕ್ಕೆ ವಿದೇಶಾಂಗ ಸಚಿವ ಜೈಶಂಕರ್ ಅವರ ಖಾರದ ಉತ್ತರ, ಆಮೇಲೆ ನಮ್ಮವರನ್ನು ಕರೆತರುವ 'ಆಪರೇಷನ್ ಕಾವೇರಿ'. ನಮ್ಮವರು ಊರು ಮುಟ್ಟಿದರು, ಸುಡಾನ್ ಪುಟದಿಂದ ಇಳಿಯಿತು. ಯುದ್ಧ ನಿಲ್ಲಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದೇ ಅಲ್ ಫಶೀರ್, ಸುಮಾರು ಹದಿನೆಂಟು ತಿಂಗಳ ಮುತ್ತಿಗೆಯ ನಂತರ, ಸೇನೆಯ ವಿರುದ್ಧ ಕಾದುತ್ತಿದ್ದ ಅರೆಸೇನಾ ಪಡೆ ಆರ್‌ಎಸ್‌ಎಫ್ ಕೈಗೆ ಬಿತ್ತು. ಹಕ್ಕಿಪಿಕ್ಕಿಗಳು ಅಂಗಡಿ ಹೂಡಿದ್ದ ಊರು ಇದೇ ಎಂದು ನೆನಪಿಸುವ ಒಂದು ಸಾಲು ಒಳಪುಟದ ಏಜೆನ್ಸಿ ಸುದ್ದಿಯಲ್ಲಿ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ಅದನ್ನು ಸೇರಿಸಬೇಕಾದದ್ದು ಸುದ್ದಿ ತಿದ್ದಿ ಪುಟಕ್ಕೆ ಕೂರಿಸುವ ಇಲ್ಲಿಯ ಡೆಸ್ಕು.

ನಮ್ಮೂರಿನವರು ಮರಳಿದ ಮೇಲೆ ಆಸಕ್ತಿ ಇಳಿಯುವುದು ಎಲ್ಲ ಭಾಷೆಯ ಪತ್ರಿಕೆಗೂ ಇರುವ ಗುಣ, ಅದರ ಬಗ್ಗೆ ತಕರಾರಿಲ್ಲ. ಕಾಡುವುದು ಬೇರೆ. ಆಫ್ರಿಕಾಕ್ಕೆಂದು ನಾವು ಎರಡೇ ಕಪಾಟು ಇಟ್ಟುಕೊಂಡಿದ್ದೇವೆ: ಒಂದರಲ್ಲಿ ಹೆಣ, ಬಂದೂಕು, ಬರ, ಇನ್ನೊಂದರಲ್ಲಿ ಮುಖವಾಡ, ಡೋಲು, ಭಾನುವಾರದ ಬಣ್ಣದ ಪುಟ. ಆ ಖಂಡದಲ್ಲಿ ನಿಂತು ವರದಿ ಮಾಡುವವರಿಗೆ ಈ ಗೋಡೆ ಇಲ್ಲ. ಅಲ್ಲಿಯ ದೊಡ್ಡ ನಗರಗಳನ್ನು ಬಿಟ್ಟರೆ ಒಂದು ಏಜೆನ್ಸಿಗೆ ಒಂದು ದೇಶಕ್ಕೆ ಒಬ್ಬನೇ ವರದಿಗಾರ, ಎಷ್ಟೋ ಸಲ ಮೂರು ದೇಶಕ್ಕೆ ಒಬ್ಬ. ಬೆಳಿಗ್ಗೆ ಹತ್ತಿ ಬೆಲೆ, ಮಧ್ಯಾಹ್ನ ಸಚಿವ ಸಂಪುಟ, ರಾತ್ರಿ ಸಂಗೀತ ಕಛೇರಿ. ಇದನ್ನು ಬಡತನ ಎಂದು ನೋಡುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಕಲೆಯನ್ನು ಬಲ್ಲವನೇ ರಾಜಕೀಯ ಬರೆದಾಗ ಎರಡೂ ಸರಿಯಾಗುತ್ತವೆ. ಇಬ್ಬರು ಬೇರೆ ಬೇರೆ ಬರೆದಾಗ ಎರಡೂ ಅರ್ಧಂಬರ್ಧ ಆಗುವುದೇ ಹೆಚ್ಚು.

ಸುಡಾನನ್ನೇ ನೋಡಿ. ರಾಜಧಾನಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದದ್ದು 1971ರಲ್ಲಿ. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಬುಹೆನ್‌ನಂಥ ದೇವಾಲಯಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅದರ ಅಂಗಳದಲ್ಲಿ ನಿಲ್ಲಿಸಿದ್ದರು. ಯುದ್ಧದ ಮೊದಲ ವಾರಗಳಲ್ಲೇ ಆ ಪ್ರದೇಶ ಆರ್‌ಎಸ್‌ಎಫ್ ವಶವಾಯಿತು. 2023ರ ಜೂನ್‌ನಲ್ಲಿ ಆ ಪಡೆಯವರೇ ಪ್ರಯೋಗಾಲಯದೊಳಗೆ ಪ್ರಾಚೀನ ಶವಗಳ ಮೇಲಿನ ಹೊದಿಕೆ ತೆಗೆಯುವ ವಿಡಿಯೊ ಹರಿದಾಡಿತು. 2025ರ ಮಾರ್ಚ್‌ನಲ್ಲಿ ಸೇನೆ ಖಾರ್ಟೂಮನ್ನು ಮರಳಿ ಹಿಡಿದಾಗ ಕಪಾಟುಗಳು ಬರಿದಾಗಿದ್ದವು, ಚಿನ್ನದ ಸಂಗ್ರಹ ಹೋಗಿತ್ತು. ಟಹಾರ್ಕ ದೊರೆಯ ಕರಿಕಲ್ಲಿನ ಭಾರೀ ಪ್ರತಿಮೆ ಮಾತ್ರ ನಿಂತಿತ್ತು.

ಇಂಥ ಸುದ್ದಿಯನ್ನು ಊರೊಳಗೆ ಕಾಲಿಡದೆ ಮಾಡಬೇಕಾದಾಗ ಕೆಲಸ ಹೀಗೆ ಸಾಗುತ್ತದೆ. ಮೊದಲು ವಿಡಿಯೊದ ಜಾಗ ಗಟ್ಟಿ ಮಾಡಿಕೊಳ್ಳುವುದು: ಕಿಟಕಿಯ ಆಕಾರ, ಗೋಡೆಯ ಬಣ್ಣ, ಹಿಂದೆ ಕಾಣುವ ಬೋರ್ಡು ಇವನ್ನು ಯುದ್ಧಕ್ಕೆ ಮೊದಲಿನ ಫೋಟೊಗಳ ಜೊತೆ ತಾಳೆ ನೋಡಬೇಕು. ಆಮೇಲೆ ಉಪಗ್ರಹ ಚಿತ್ರದಲ್ಲಿ ಕಟ್ಟಡದ ಬಳಿ ನಿಂತ ಲಾರಿಗಳು, ಸುಟ್ಟ ಚಾವಣಿ, ಅವುಗಳ ದಿನಾಂಕ. ಮೂರನೆಯದೇ ಮುಖ್ಯ: ಸಂಗ್ರಹಾಲಯದ ದಾಖಲೆ ಪುಸ್ತಕದ ಸಂಖ್ಯೆ. ಪ್ರತಿ ವಸ್ತುವಿನ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಮಸಿಯಲ್ಲಿ ಬರೆದ ನಂಬರ್ ಇರುತ್ತದೆ. ಕಳ್ಳರು ಮೊದಲು ಉಜ್ಜಿ ಅಳಿಸುವುದೂ ಅದನ್ನೇ. ಆನ್‌ಲೈನ್ ಮಾರಾಟದ ತಾಣದಲ್ಲಿ ಒಂದು ಗೊಂಬೆ ಕಂಡ ಕೂಡಲೇ 'ಸುಡಾನಿನ ಲೂಟಿಯ ಮಾಲು' ಎಂದು ಬರೆದುಬಿಟ್ಟರೆ ಮರುದಿನ ಯಾರೋ ಪುರಾತತ್ವಜ್ಞ ಅದು ಪ್ರವಾಸಿಗರಿಗೆ ಮಾರುವ ನಕಲಿ ಎಂದು ತೋರಿಸುತ್ತಾರೆ. ಅಲ್ಲಿಗೆ ನಿಜವಾದ ಲೂಟಿಯ ಸುದ್ದಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಈ ಕೆಲಸದಲ್ಲಿ ಯುದ್ಧ ವರದಿಗಾರನ ಕಣ್ಣು ಎಷ್ಟು ಬೇಕೋ, ಪ್ರಾಚೀನ ಸುಡಾನಿನ ರಾಜಧಾನಿಗಳಾದ ಮೆರೋಯಿಯ ಮಡಕೆಗೂ ನಪಾಟದ ಮಡಕೆಗೂ ಇರುವ ವ್ಯತ್ಯಾಸ ಬಲ್ಲವರ ಫೋನ್ ನಂಬರೂ ಅಷ್ಟೇ ಬೇಕು.

ಗಡಿಯಾರ, ಪಂಚಾಂಗ, ಹೆಸರು

ಆಫ್ರಿಕಾ ವರದಿಯಲ್ಲಿ ತಪ್ಪುಗಳು ದೊಡ್ಡ ವಿಶ್ಲೇಷಣೆಯಲ್ಲಿ ಆಗುವುದಕ್ಕಿಂತ ಸಣ್ಣ ಸಂಗತಿಯಲ್ಲಿ ಆಗುತ್ತವೆ. ಆಡಿಸ್ ಅಬಾಬಾದಲ್ಲಿ ಒಬ್ಬ ಚಿತ್ರಕಾರ 'ನಾಳೆ ಮೂರು ಗಂಟೆಗೆ ಬನ್ನಿ' ಎಂದರೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕು. ಇಥಿಯೋಪಿಯಾದಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಬೆಳಗಿನ ಆರರಿಂದ; ಸೂರ್ಯೋದಯದಿಂದ ಗಳಿಗೆ ಎಣಿಸುವ ನಮ್ಮ ಪಂಚಾಂಗ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಸ್ವಾಹಿಲಿ ಮಾತಾಡುವ ಕಡೆಯೂ ಇದೇ ರೂಢಿ, 'ಸಾ ತಾತು' ಎಂದರೆ ಬೆಳಿಗ್ಗೆ ಅಥವಾ ರಾತ್ರಿ ಒಂಬತ್ತು. ಆದರೆ ಇಂಗ್ಲಿಷಿನಲ್ಲಿ ಮಾತಾಡುವಾಗ ಕೆಲವರು ಮನಸ್ಸಿನಲ್ಲೇ ಲೆಕ್ಕ ತಿರುಗಿಸಿ ಹೇಳುತ್ತಾರೆ, ಕೆಲವರು ಹಾಗೇ ಹೇಳಿಬಿಡುತ್ತಾರೆ. ಹಾಗಾಗಿ ಭೇಟಿ ಗೊತ್ತು ಮಾಡುವಾಗ 'ಊಟಕ್ಕೆ ಮೊದಲೋ ಆಮೇಲೋ' ಎಂದು ಕೇಳಿಕೊಂಡು, 09:00 ಎಂದು ಮೆಸೇಜು ಹಾಕಿ ಒಪ್ಪಿಸಿಕೊಳ್ಳುವುದು ಕ್ಷೇಮ. ವರ್ಷದ ತೊಡಕು ಇನ್ನೂ ದೊಡ್ಡದು. ಇಥಿಯೋಪಿಯಾದ ಪಂಚಾಂಗಕ್ಕೆ ಹದಿಮೂರು ತಿಂಗಳು, ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಅವರ 2017 ಶುರುವಾದದ್ದು 2024ರ ಸೆಪ್ಟೆಂಬರ್ 11ರಂದು. ನ್ಯಾಯಾಲಯದ ಆದೇಶ, ಬ್ಯಾಂಕಿನ ರಸೀದಿ, ಚಿತ್ರದ ಕೆಳಗಿನ ಸಹಿ ಎಲ್ಲದರಲ್ಲೂ ಈ ವರ್ಷವೇ ಇರಬಹುದು. ಹಾಗೇ ಎತ್ತಿ ಬರೆದರೆ ಇಡೀ ಘಟನಾವಳಿ ತಲೆಕೆಳಗು.

ಹೆಸರಿನದ್ದು ಬೇರೆಯೇ ಕಥೆ. ಬುರ್ಕಿನಾ ಫಾಸೊದಲ್ಲಿ ವೆದ್ರಾವ್ಗೊ ಎಂಬ ಕುಲನಾಮದವರು ಎಷ್ಟಿದ್ದಾರೆಂದರೆ ಕುಲನಾಮ ಮಾತ್ರ ಬರೆದರೆ ಯಾರನ್ನೂ ಹೇಳಿದಂತಾಗುವುದಿಲ್ಲ. ತ್ರಾವೋರೆ ಎಂದರೆ ಬುರ್ಕಿನಾದ ಸೇನಾಡಳಿತದ ಮುಖ್ಯಸ್ಥ ಕ್ಯಾಪ್ಟನ್ ಇಬ್ರಾಹಿಂ ಕೂಡ ಹೌದು, ಮಾಲಿಯ ಹಳೆಯ ಸರ್ವಾಧಿಕಾರಿ ಮೂಸಾ ಕೂಡ ಹೌದು. ಎರಡನೇ ಸಲ ಉಲ್ಲೇಖಿಸುವಾಗ ಕುಲನಾಮ ಸಾಕು ಎಂಬ ಡೆಸ್ಕಿನ ನಿಯಮವನ್ನು ಇಲ್ಲಿ ಮುರಿಯಲೇಬೇಕು. ದೇಶಗಳ ಹೆಸರಿನಲ್ಲಿ ಗಿನಿ ಮೂರು, ಕಾಂಗೊ ಎರಡು. ಕಾಂಗೊ ಎಂದು ಬರೆದ ಕಡೆಯಲ್ಲೆಲ್ಲ ಕಿನ್ಶಾಸಾ ಅಥವಾ ಬ್ರಾಜಾವಿಲ್ ಎಂದು ಸೇರಿಸುವುದು ಚಿಕ್ಕ ಅಭ್ಯಾಸ, ದೊಡ್ಡ ಉಪಕಾರ. ನೈಜರಿನ ಸುದ್ದಿಗೆ ನೈಜೀರಿಯಾದ ನಕ್ಷೆ ಹಾಕಿದ ಪುಟಗಳನ್ನು ಎಲ್ಲ ಭಾಷೆಯಲ್ಲೂ ನೋಡಬಹುದು. ಬೆನಿನ್ ಎಂಬುದಂತೂ ಬಲೆ. ಅದಕ್ಕೆ ಆಮೇಲೆ ಬರುತ್ತೇನೆ.

ವೇಳೆಯ ಅಂತರವೂ ಸುದ್ದಿಯ ರೂಪ ನಿರ್ಧರಿಸುತ್ತದೆ. ಡಾಕಾರ್, ಆಕ್ರಾ, ವಾಗಡೂಗು ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿಯ ಸಂಜೆ ಆರರ ಪತ್ರಿಕಾಗೋಷ್ಠಿ ಎಂದರೆ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆ, ಪುಟ ಹೋಗುವ ಹೊತ್ತು. ಪಶ್ಚಿಮ ಆಫ್ರಿಕಾದ ಸೇನಾ ದಂಗೆಗಳು ಸಾಮಾನ್ಯವಾಗಿ ನಸುಕಿನ ಗುಂಡಿನ ಸದ್ದಿನಿಂದ ಶುರುವಾಗಿ ಸಂಜೆಯ ಟಿವಿ ಘೋಷಣೆಯಲ್ಲಿ ಮುಗಿಯುತ್ತವೆ. ನಡುವಿನ ಹತ್ತು ಹನ್ನೆರಡು ಗಂಟೆ 'ಸೇನಾ ಶಿಬಿರದಲ್ಲಿ ಗುಂಡಿನ ಸದ್ದು' ಎಂದಷ್ಟೇ ಬರೆದು ಕಾಯಬೇಕು. ಸರ್ಕಾರಿ ಟಿವಿ ಪ್ರಸಾರ ನಿಂತಿದೆಯೇ, ವಿಮಾನಗಳು ಅರ್ಧ ದಾರಿಯಿಂದ ತಿರುಗುತ್ತಿವೆಯೇ, ಮೊಬೈಲ್ ಇಂಟರ್ನೆಟ್ ಹೋಗಿದೆಯೇ, ಗಡಿ ಠಾಣೆ ಮುಚ್ಚಿದೆಯೇ: ಈ ನಾಲ್ಕರಲ್ಲಿ ಮೂರು ಹೌದಾದರೂ 'ದಂಗೆ' ಎಂಬ ಪದ ತಡೆಹಿಡಿದು, ಸಮವಸ್ತ್ರದವರು ಪರದೆಯ ಮೇಲೆ ಕಾಗದ ಓದಿದ ಮೇಲೆ ಬರೆಯುವುದು ಅನುಭವಸ್ಥರ ಕ್ರಮ. ಬೇಗ ಬರೆದವರಿಗೆ ಒಂದು ಗಂಟೆಯ ಹೆಸರು ಸಿಗುತ್ತದೆ, ದಂಗೆ ವಿಫಲವಾದರೆ ಆ ದೇಶದ ವೀಸಾ ಮತ್ತೆ ಸಿಗುವುದಿಲ್ಲ.

ವಾಗಡೂಗುವಿನ ಹೋಟೆಲು

ಬುರ್ಕಿನಾದ ರಾಜಧಾನಿಯಲ್ಲಿ 1969ರಿಂದ ಆಫ್ರಿಕಾದ ದೊಡ್ಡ ಸಿನಿಮಾ ಹಬ್ಬ ನಡೆಯುತ್ತ ಬಂದಿದೆ. ಹೆಸರು ಫೆಸ್ಪಾಕೊ. ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿ ಕೊನೆಯಲ್ಲಿ. ದೊಡ್ಡ ಪ್ರಶಸ್ತಿ ಯೆನ್ನೆಂಗಾಳ ಚಿನ್ನದ ಕುದುರೆ. ಮೊಸ್ಸಿ ಜನರ ಐತಿಹ್ಯದ ರಾಜಕುಮಾರಿ ಆಕೆ. ಊರ ನಡುವೆ ಸಿನಿಮಾ ಸುರುಳಿಗಳ ಆಕಾರದ ಸ್ಮಾರಕವೇ ಒಂದು ವೃತ್ತ. ಹಬ್ಬಕ್ಕೆ ಬಂದವರು ದಶಕಗಳ ಕಾಲ ಸೇರುತ್ತಿದ್ದ ಜಾಗ ಇಂದಿಪೆಂದಾನ್ಸ್ ಹೋಟೆಲು, ಅದರ ಈಜುಕೊಳದ ಸುತ್ತಲಿನ ಮೇಜುಗಳು. ನಿರ್ದೇಶಕರು, ವಿತರಕರು, ಮಂತ್ರಿಗಳು, ಪತ್ರಕರ್ತರು ಎಲ್ಲ ಅಲ್ಲೇ. ಅಧಿಕೃತ ಪತ್ರಿಕಾಗೋಷ್ಠಿಗಿಂತ ಹೆಚ್ಚು ಸುದ್ದಿ ಆ ಮೇಜುಗಳ ಸುತ್ತ ಹುಟ್ಟುತ್ತಿತ್ತು.

ಆ ಹೋಟೆಲು ಸಂಸತ್ತಿನ ಪಕ್ಕದಲ್ಲೇ ಇತ್ತು. 2014ರ ಅಕ್ಟೋಬರ್ 30ರಂದು, ಅಧ್ಯಕ್ಷ ಬ್ಲೇಸ್ ಕೊಂಪವೋರೆ ಸಂವಿಧಾನ ತಿದ್ದಿ ಮತ್ತೆ ಸ್ಪರ್ಧಿಸಲು ಹೊರಟಾಗ, ಜನ ಸಂಸತ್ತಿಗೆ ಬೆಂಕಿ ಇಟ್ಟರು, ಹೋಟೆಲಿಗೂ ನುಗ್ಗಿದರು. ಮರುದಿನ ಕೊಂಪವೋರೆ 27 ವರ್ಷದ ಗದ್ದುಗೆ ಬಿಟ್ಟು ಓಡಿದ. ಆ ಚಳವಳಿಯ ಮುಂಚೂಣಿಯಲ್ಲಿದ್ದ 'ಬಾಲೆ ಸಿತ್ವಾಯೆನ್' (ನಾಗರಿಕರ ಪೊರಕೆ) ಸಂಘಟನೆಯನ್ನು 2013ರಲ್ಲಿ ಕಟ್ಟಿದ್ದು ಇಬ್ಬರು ಹಾಡುಗಾರರು: ರ‍್ಯಾಪರ್ ಸ್ಮೋಕಿ, ರೆಗ್ಗೆ ಹಾಡುವ ಸಾಮ್ಸ್‌ಕ ಲ ಜಾ. ಪೊರಕೆ ಅವರ ಗುರುತು. ಸೆನೆಗಲ್‌ನಲ್ಲಿ 2011ರಲ್ಲಿ ಹುಟ್ಟಿದ 'ಇಯಾನ ಮಾರ್' ಚಳವಳಿಯಲ್ಲೂ ರ‍್ಯಾಪರುಗಳು ಮತ್ತು ಪತ್ರಕರ್ತರು ಜೊತೆಯಾಗಿದ್ದರು. ಈಗ ಯೋಚಿಸಿ: 2014ರ ಆ ವಾರ ರಾಜತಾಂತ್ರಿಕರ ಬೆನ್ನು ಹತ್ತಿದ್ದ ರಾಜಕೀಯ ವರದಿಗಾರನ ಬಳಿ ಸ್ಮೋಕಿಯ ನಂಬರ್ ಇತ್ತೇ? ಸಂಗೀತ ಕಾರ್ಯಕ್ರಮಗಳಿಗೆ ಹೋಗಿ ಕಾಲು ನೋಯಿಸಿಕೊಂಡವನ ಬಳಿ ಇತ್ತು. ಮರುವರ್ಷ ಸೆಪ್ಟೆಂಬರಿನ ಅಲ್ಪಾಯುಷಿ ದಂಗೆಯಲ್ಲಿ ಅಧ್ಯಕ್ಷರ ಅಂಗರಕ್ಷಕ ಪಡೆ ಸ್ಮೋಕಿಯ ರೆಕಾರ್ಡಿಂಗ್ ಸ್ಟುಡಿಯೊ ಮೇಲೆ ರಾಕೆಟ್ ಹಾರಿಸಿತು. ಹಾಡಿಗೆ ಎಷ್ಟು ಬಲ ಇದೆ ಎಂದು ಸೈನಿಕರಿಗೆ ಗೊತ್ತಿತ್ತು, ವಿದೇಶಿ ಪುಟದ ಸಂಪಾದಕರಿಗೆ ಗೊತ್ತಿರಲಿಲ್ಲ ಎಂದರೆ ಕಟುವಾದೀತು, ಆದರೂ ಹೇಳುತ್ತೇನೆ.

ಸಂಸತ್ತು ಸುಟ್ಟ ನಾಲ್ಕು ತಿಂಗಳಿಗೆ, 2015ರ ಫೆಬ್ರವರಿ 28ಕ್ಕೆ, ಹಬ್ಬ ಮತ್ತೆ ನಡೆಯಿತು. ಮಾರಿಟೇನಿಯಾದ ನಿರ್ದೇಶಕ ಅಬ್ದೆರಹ್ಮಾನ್ ಸಿಸ್ಸಾಕೊ ಅವರ 'ಟಿಂಬಕ್ಟು' ಸಿನಿಮಾವನ್ನು ಭದ್ರತೆಯ ಭಯದಿಂದ ತೆಗೆದುಹಾಕುವ ಮಾತು ನಡೆದು, ಕೊನೆಗೆ ಹೆಚ್ಚಿನ ಪಹರೆಯಲ್ಲಿ ತೋರಿಸಿದರು. ಜಿಹಾದಿಗಳು ಊರು ಹಿಡಿದ ಕಥೆಯ ಸಿನಿಮಾವನ್ನು ತೋರಿಸಬೇಕೋ ಬೇಡವೋ ಎಂಬುದು ಸಿನಿಮಾ ಪುಟದ ಸುದ್ದಿಯೋ ಭದ್ರತೆಯ ಸುದ್ದಿಯೋ? 2016ರ ಜನವರಿ 15ರ ರಾತ್ರಿ ಅದೇ ಊರಿನ ಕಪುಚಿನೊ ಕೆಫೆ ಮತ್ತು ಸ್ಪ್ಲೆಂಡಿಡ್ ಹೋಟೆಲಿನ ಮೇಲೆ ದಾಳಿಯಾಗಿ 30 ಜನ ಸತ್ತರು. ಮಹಿಳೆಯರ ಹಕ್ಕಿನ ಬಗ್ಗೆ ಆಮ್ನೆಸ್ಟಿಗಾಗಿ ಫೋಟೊ ತೆಗೆಯಲು ಬಂದಿದ್ದ ಫ್ರೆಂಚ್-ಮೊರಾಕನ್ ಛಾಯಾಗ್ರಾಹಕಿ ಲೈಲಾ ಅಲವಿ ಗುಂಡೇಟು ತಿಂದು ಮೂರು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಬಗ್ಗೆ ಜಗತ್ತಿನ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಬರೆಯಲೇಬೇಕಿತ್ತು. ಅದೇ ದಾಳಿಯಲ್ಲಿ ಸತ್ತ ಅವರ ಕಾರಿನ ಚಾಲಕ, ಊರಿನವ, ಹೆಚ್ಚಿನ ವರದಿಗಳಲ್ಲಿ ಅರ್ಧ ವಾಕ್ಯವಾದ.

ಚೀಲದಲ್ಲಿ ಇರಬೇಕಾದ್ದು

ಇನ್ನು ಹೊರಡುವವರಿಗೆ. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು, ಅದಕ್ಕಿಂತ ತಡವಾದರೆ ಪ್ರಮಾಣಪತ್ರ ಊರ್ಜಿತವಲ್ಲ. 2016ರಿಂದ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಹೋಗುವಾಗ ಯಾರೂ ಕೇಳದಿದ್ದರೂ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಆ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆಯಲ್ಲಿ ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಮರಳಿದ ಮೇಲೂ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಮನೆ ಸೇರಿದ ಖುಷಿಯಲ್ಲಿ ನಿಲ್ಲಿಸುವವರೇ ಹೆಚ್ಚು, ಜ್ವರ ಬರುವುದೂ ಅವರಿಗೇ.

ಸೆಕ್ಯುರಿಟಿಗಿಂತ ಕಸ್ಟಮ್ಸ್ ತಲೆನೋವು ದೊಡ್ಡದು. ಉಪಕರಣಗಳನ್ನು ತೆರಿಗೆ ಇಲ್ಲದೆ ಒಯ್ಯಲು ಕೊಡುವ ಎಟಿಎ ಕಾರ್ನೆ ಪತ್ರವನ್ನು ದಕ್ಷಿಣ ಆಫ್ರಿಕಾ, ಮೊರಾಕೊ, ಸೆನೆಗಲ್‌ನಂಥ ಕೆಲವು ದೇಶಗಳು ಮಾತ್ರ ಒಪ್ಪುತ್ತವೆ. ಉಳಿದ ಕಡೆ ಕ್ಯಾಮೆರಾ, ಲೆನ್ಸ್, ರೆಕಾರ್ಡರ್‌ಗಳ ಸೀರಿಯಲ್ ನಂಬರ್ ಮತ್ತು ಬೆಲೆಯ ಪಟ್ಟಿಯನ್ನು ಟೈಪ್ ಮಾಡಿಸಿ, ಸಂಸ್ಥೆಯ ಮೊಹರು ಹಾಕಿಸಿ, ನಾಲ್ಕೈದು ಪ್ರತಿ ಇಟ್ಟುಕೊಳ್ಳಬೇಕು. ಫ್ರೆಂಚ್ ನಡೆಯುವ ದೇಶಕ್ಕೆ ಫ್ರೆಂಚ್‌ನಲ್ಲೇ. ಮೊಹರು ಎಷ್ಟು ದೊಡ್ಡದಿದೆಯೋ ಅಷ್ಟು ಬೇಗ ಕೆಲಸ ಆಗುತ್ತದೆ, ನಗೆಯಾಡುತ್ತಿಲ್ಲ. ಡ್ರೋನ್ ಒಯ್ಯಲೇಬಾರದು, ಮೊರಾಕೊದಲ್ಲಿ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಪ್ರೆಸ್ ಕಾರ್ಡು, ಫಿಲ್ಮಿಂಗ್ ಅನುಮತಿ ಎರಡೂ ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಎಂದುಕೊಂಡು ಮಾರುಕಟ್ಟೆಯಲ್ಲಿ ಟ್ರೈಪಾಡ್ ಬಿಚ್ಚಿದರೆ ಆ ದಿನ ಪೊಲೀಸ್ ಠಾಣೆಯಲ್ಲೇ ಕಳೆಯುತ್ತದೆ.

ದುಡ್ಡಿನದ್ದು ಹೀಗೆ: ಸಿಎಫ್‌ಎ ಫ್ರಾಂಕ್ ಎಂಬ ಹೆಸರಿನಲ್ಲಿ ಎರಡು ಕರೆನ್ಸಿ ಇವೆ. ಪಶ್ಚಿಮದ್ದು ಡಾಕಾರಿನ ಬ್ಯಾಂಕಿನದು, ಮಧ್ಯ ಆಫ್ರಿಕಾದ್ದು ಕ್ಯಾಮೆರೂನಿನ ರಾಜಧಾನಿ ಯಾವುಂಡೆಯದು. ಎರಡಕ್ಕೂ ಒಂದು ಯೂರೊಗೆ 655.957 ಎಂಬ ಒಂದೇ ಸ್ಥಿರ ದರ, ಆದರೆ ಒಂದರ ನೋಟು ಇನ್ನೊಂದರ ಅಂಗಡಿಯಲ್ಲಿ ನಡೆಯುವುದಿಲ್ಲ. ಡಾಕಾರಿನಿಂದ ಕ್ಯಾಮೆರೂನಿನ ಡುವಾಲಾಕ್ಕೆ ಹೋಗುವವರು ಉಳಿದ ನೋಟನ್ನು ಹೊರಡುವ ಮೊದಲೇ ಯೂರೊ ಮಾಡಿಕೊಳ್ಳಬೇಕು. ಹತ್ತು ಸಾವಿರದ ನೋಟಿಗೆ ಚಿಲ್ಲರೆ ಯಾರಲ್ಲೂ ಇರುವುದಿಲ್ಲ. ಪ್ಲಗ್ ಬಗ್ಗೆ ಒಂದು ಸಂತೋಷದ ವಿಷಯ: ನಮ್ಮ ಗೀಸರಿನ ದಪ್ಪ ಮೂರು ಕಡ್ಡಿಯ ಪ್ಲಗ್ ದಕ್ಷಿಣ ಆಫ್ರಿಕಾದ ಗೋಡೆಗೆ ಸರಿಯಾಗಿ ಕೂರುತ್ತದೆ. ನೈಜೀರಿಯಾ, ಘಾನಾ, ಕೀನ್ಯಾಗಳಲ್ಲಿ ಬ್ರಿಟಿಷ್ ಚೌಕ ಕಡ್ಡಿ, ಫ್ರೆಂಚ್ ದೇಶಗಳಲ್ಲಿ ಎರಡು ಗುಂಡು ಕಡ್ಡಿ.

ಸಿನಿಮಾ ಹಬ್ಬದ ಕಾಲ ಎಂದರೆ ಹರ್ಮಟ್ಟಾನ್ ಗಾಳಿಯ ಕೊನೆಯ ದಿನಗಳು. ಸಹಾರಾದ ಹಿಟ್ಟಿನಂಥ ಧೂಳು ಎಲ್ಲದರೊಳಗೂ ಹೋಗುತ್ತದೆ. ಬಯಲಿನಲ್ಲಿ ಲೆನ್ಸ್ ಬದಲಿಸಬಾರದು. ಕಾರಿನೊಳಗೆ, ಎಸಿ ಆರಿಸಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಿಸಬೇಕು. ಸೆನ್ಸರಿನ ಮೇಲೆ ಧೂಳು ಕೂತರೆ ಬಟ್ಟೆ ಮುಟ್ಟಿಸದೆ ರಬ್ಬರ್ ಬ್ಲೋವರಿನಿಂದ ಊದುವುದು, ಉಜ್ಜಿದರೆ ಗೀರು ಬೀಳುತ್ತದೆ. ಆಡಿಯೊಗೆ 48 ಕಿಲೊಹರ್ಟ್ಸ್, 24 ಬಿಟ್ ಇಟ್ಟುಕೊಂಡು, ಡೋಲು ಇರುವ ಕಡೆ ಮಟ್ಟವನ್ನು ಮೈನಸ್ 12 ಡೆಸಿಬೆಲ್‌ಗಿಂತ ಮೇಲೆ ಹೋಗಲು ಬಿಡಬಾರದು. ಆರಂಭದಲ್ಲಿ ಮೆಲ್ಲಗೆ ಬಾರಿಸಿ ಅರ್ಧ ನಿಮಿಷದಲ್ಲಿ ಸಿಡಿಲಿನಂತೆ ಏರುವುದು ಅಲ್ಲಿಯ ವಾದ್ಯದವರ ಅಭ್ಯಾಸ. ಆರಂಭ ನೋಡಿ ಮಟ್ಟ ಇಟ್ಟವನ ರೆಕಾರ್ಡಿಂಗ್ ಪೂರ್ತಿ ಒಡೆದಿರುತ್ತದೆ. 21 ತಂತಿಯ ಕೋರಾ ವಾದ್ಯಕ್ಕೆ ಮೈಕನ್ನು ಅದರ ಸೋರೆಬುರುಡೆಯ ರಂಧ್ರಕ್ಕೆ ನೇರವಾಗಿ ಹಿಡಿಯದೆ ಒಂದಡಿ ದೂರದಿಂದ ಸ್ವಲ್ಪ ಓರೆಯಾಗಿಟ್ಟರೆ ಗುಂಯ್‌ಗುಡುವುದು ತಗ್ಗುತ್ತದೆ. ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಬೇಕು. ಜನರೇಟರ್ ನಡುವೆ ಶುರುವಾಗಿ ನಡುವೆ ನಿಂತಾಗ ಎಡಿಟಿಂಗ್‌ನಲ್ಲಿ ಜೋಡಿಸಲು ಉಳಿಯುವುದು ಅದೊಂದೇ.

ಬೆನಿನ್ ಎಂಬ ಬಲೆ

ಕಲೆಯ ಸುದ್ದಿ, ರಾಜಕೀಯದ ಸುದ್ದಿ ಎರಡನ್ನೂ ಬೇರೆ ಮಾಡಲು ಸಾಧ್ಯವೇ ಇಲ್ಲದ ಒಂದು ವಿಷಯ ಕೊಳ್ಳೆಹೋದ ಕಲಾವಸ್ತುಗಳ ವಾಪಸಾತಿ. ಬ್ರಿಟಿಷರು 1897ರಲ್ಲಿ ಈಗಿನ ನೈಜೀರಿಯಾದ ಬೆನಿನ್ ನಗರವನ್ನು ಸುಟ್ಟು, ಓಬಾ ಎಂದು ಕರೆಯುವ ಅಲ್ಲಿನ ದೊರೆ ಒವೊನ್ರಾಮ್ವೆನ್‌ನನ್ನು ಕಲಬಾರಿಗೆ ಗಡೀಪಾರು ಮಾಡಿ, ಅರಮನೆಯ ಸಾವಿರಾರು ಹಿತ್ತಾಳೆ ಫಲಕ, ತಲೆ, ದಂತದ ಕೆಲಸಗಳನ್ನು ಹೊತ್ತೊಯ್ದರು. ಬೆನಿನ್ ಗಣರಾಜ್ಯ ಬೇರೆ ದೇಶ, 1975ರವರೆಗೆ ಅದರ ಹೆಸರು ದಹೋಮಿ. ಫ್ರಾನ್ಸ್ 2021ರ ನವೆಂಬರ್‌ನಲ್ಲಿ ಅಬೋಮೆ ಅರಮನೆಯ 26 ವಸ್ತುಗಳನ್ನು ಮರಳಿಸಿದ್ದು ಆ ದೇಶಕ್ಕೆ. ಒಂದರ ಸುದ್ದಿಗೆ ಇನ್ನೊಂದರ ಫೋಟೊ ಹಾಕುವುದು ಅತಿ ಸಾಮಾನ್ಯವಾದ ಎಡವಟ್ಟು.

ಇಲ್ಲಿ ವರದಿಗಾರ ಕೇಳಬೇಕಾದ ಮೊದಲ ಪ್ರಶ್ನೆ 'ಕೊಟ್ಟರೇ?' ಎಂಬುದಲ್ಲ, ಏನು ಕೊಟ್ಟರು, ಯಾರಿಗೆ ಕೊಟ್ಟರು, ಯಾವಾಗ ಹಡಗು ಅಥವಾ ವಿಮಾನ ಹತ್ತಿತು ಎಂಬುದು. ಜರ್ಮನಿ 2022ರ ಜುಲೈನಲ್ಲಿ ಬೆನಿನ್ ನಗರದ 1,100ಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಬರ್ಲಿನ್ನಿನ ಸಂಗ್ರಹದ 512 ವಸ್ತುಗಳ ಒಡೆತನ ಆಗಸ್ಟ್‌ನಲ್ಲಿ ಬದಲಾಯಿತು, ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹತ್ತು ವರ್ಷದ ಸಾಲವಾಗಿ ಬರ್ಲಿನ್‌ನಲ್ಲೇ ಉಳಿದವು. ಡಿಸೆಂಬರ್‌ನಲ್ಲಿ ನೈಜೀರಿಯಾದ ರಾಜಧಾನಿ ಅಬುಜಾಕ್ಕೆ ನಿಜವಾಗಿ ಬಂದವು 20. 'ಜರ್ಮನಿ 1,100 ಕಂಚಿನ ಪ್ರತಿಮೆ ಮರಳಿಸಿತು' ಎಂಬ ತಲೆಬರಹದಲ್ಲಿ ಕ್ರಿಯಾಪದವೂ ತಪ್ಪು, ಲೋಹವೂ ತಪ್ಪು. ಬ್ರಿಟನ್ನಿನದು ಇನ್ನೊಂದು ಬಗೆ. ಸಂಗ್ರಹದ ವಸ್ತು ಬಿಟ್ಟುಕೊಡಲು ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾಯ್ದೆ, ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ 1983ರ ಕಾಯ್ದೆ ಅಡ್ಡಿ. ಹಾಗಾಗಿ 2024ರಲ್ಲಿ ಅಸಾಂಟೆ ರಾಜವಂಶದ 32 ವಸ್ತುಗಳು ಘಾನಾದ ಕುಮಾಸಿ ಅರಮನೆಗೆ ಹೋದದ್ದು ಸಾಲವಾಗಿ. ಒಪ್ಪಂದವೂ ಘಾನಾ ಸರ್ಕಾರದ ಜೊತೆಗಲ್ಲ, ದೊರೆಯ ಜೊತೆ. ಕೊಳ್ಳೆ ಹೊಡೆದವನಿಂದ ತನ್ನದೇ ಮಾಲನ್ನು ಸಾಲ ತರುವುದರ ಬಗ್ಗೆ ಕುಮಾಸಿಯವರು ಏನೆನ್ನುತ್ತಾರೆ ಎಂದು ಕೇಳದೆ ಬರೆದ ವರದಿ ಬರೀ ಪತ್ರಿಕಾ ಪ್ರಕಟಣೆ.

ಮುಂದಿನದು ಇನ್ನೂ ಸಿಕ್ಕು. 2023ರ ಮಾರ್ಚ್‌ನಲ್ಲಿ ನೈಜೀರಿಯಾದ ಆಗಿನ ಅಧ್ಯಕ್ಷ ಬುಹಾರಿ ಹೊರಡಿಸಿದ ಗೆಜೆಟ್ ಆದೇಶದಲ್ಲಿ ಮರಳಿ ಬರುವ ವಸ್ತುಗಳ ಒಡೆಯ ಓಬಾ ಎಂದಾಯಿತು. ಯುರೋಪಿನಲ್ಲಿ ಗದ್ದಲ, ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಹಸ್ತಾಂತರವನ್ನು ಮುಂದೂಡಿತು. ಈ ನಡುವೆ ಬೆನಿನ್ ನಗರದಲ್ಲಿ ಮೋವಾ ಎಂಬ ಹೊಸ ಭವ್ಯ ವಸ್ತುಸಂಗ್ರಹಾಲಯ ಎದ್ದಿತು. 2025ರ ನವೆಂಬರ್‌ನಲ್ಲಿ ಉದ್ಘಾಟನೆಗೆ ಎರಡು ದಿನ ಮೊದಲು ಆಹ್ವಾನಿತರಿಗೆಂದು ಪೂರ್ವದರ್ಶನ ಇಟ್ಟಿದ್ದರು. ವಿದೇಶಗಳಿಂದ ದಾನಿಗಳು, ರಾಜತಾಂತ್ರಿಕರು, ಕಲಾ ವರದಿಗಾರರು ಬಂದಿದ್ದರು. ಪ್ರತಿಭಟನಕಾರರು ಆವರಣಕ್ಕೆ ನುಗ್ಗಿದರು. ಇದು ಬೆನಿನ್ ರಾಜ ವಸ್ತುಸಂಗ್ರಹಾಲಯ ಆಗಬೇಕು, ಓಬಾ ಅವರಿಗೆ ಸೇರಬೇಕು ಎಂಬುದು ಅವರ ಕೂಗು. ಅತಿಥಿಗಳನ್ನು ಪಹರೆಯಲ್ಲಿ ಹೊರಗೆ ಸಾಗಿಸಬೇಕಾಯಿತು, ಉದ್ಘಾಟನೆ ನಿಂತಿತು. ಕಟ್ಟಡದ ವಾಸ್ತುಶಿಲ್ಪ, ಮಣ್ಣಿನ ಗೋಡೆಯ ಚೆಲುವು ಬರೆಯಲು ಬಂದವರು ಸಂಜೆಯ ಹೊತ್ತಿಗೆ ಗಲಭೆಯ ವರದಿ ಕಳಿಸುತ್ತಿದ್ದರು.

ಅಂದು ಕಳಿಸಿದ ವರದಿಗಳಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇದ್ದ ವ್ಯತ್ಯಾಸ ಒಂದು ಹೆಸರಿನಲ್ಲಿದೆ. ಮೋವಾಕ್ಕೆ ಬೆಂಬಲವಾಗಿ ನಿಂತಿದ್ದ ಎಡೊ ರಾಜ್ಯದ ಹಿಂದಿನ ಗವರ್ನರ್ ಗಾಡ್ವಿನ್ ಒಬಸೆಕಿ. 1897ರ ನಂತರ ಓಬಾ ಇಲ್ಲದ ಊರನ್ನು ಬ್ರಿಟಿಷರ ಪರವಾಗಿ ನಡೆಸಿದವ ಅಘೊ ಒಬಸೆಕಿ, ಅದೇ ಮನೆತನದ ಹಿರಿಯ. ಅರಮನೆಯ ಕಡೆಯವರಿಗೆ ಈ ಜಗಳ ನೂರು ವರ್ಷಕ್ಕೂ ಹಳೆಯದು. ಬೆನಿನ್ ನಗರದ ಯಾವ ಆಟೊ ಚಾಲಕನಿಗೂ ಗೊತ್ತಿರುವ ಈ ಮಾತು ವಿಮಾನ ಇಳಿದು ನೇರ ಮ್ಯೂಸಿಯಂಗೆ ಹೋದ ವಿಮರ್ಶಕನಿಗೆ ಗೊತ್ತಿಲ್ಲದಿದ್ದರೆ ಅವನಿಗೆ ಕಾಣುವುದು ಬರೀ 'ಉದ್ರಿಕ್ತ ಗುಂಪು'. ಇಗುನ್ ಬೀದಿಯಲ್ಲಿ ಇಂದಿಗೂ ಮೇಣದ ಅಚ್ಚು ಮಾಡಿ ಹಿತ್ತಾಳೆ ಎರೆಯುವ ಕುಶಲಕರ್ಮಿಗಳ ಸಂಘ ಇದೆ. ಅಲ್ಲಿ ಅರ್ಧ ದಿನ ಕೂತಿದ್ದರೆ ಸಾಕಿತ್ತು.

ಯಾರ ಹೆಸರಿನಲ್ಲಿ, ಯಾರ ದುಡ್ಡಿನಲ್ಲಿ

ಸ್ಥಳೀಯ ಸಹಾಯಕರಿಲ್ಲದೆ, ಅಂದರೆ ಫಿಕ್ಸರ್ ಮತ್ತು ಸ್ಟ್ರಿಂಗರ್ ಇಲ್ಲದೆ, ಮೇಲಿನ ಯಾವುದೂ ನಡೆಯುವುದಿಲ್ಲ. ಒಪ್ಪಂದ ವಾಟ್ಸಾಪಿನಲ್ಲಾದರೂ ಸರಿ, ಬರಹದಲ್ಲಿ ಇರಲಿ: ದಿನಗೂಲಿ ಎಷ್ಟು, ಎಷ್ಟು ಗಂಟೆಗೆ ಒಂದು ದಿನ, ಕಾರು ಮತ್ತು ಪೆಟ್ರೋಲ್ ಬೇರೆಯೋ ಸೇರಿಯೋ, ಪೊಲೀಸರು ಹಿಡಿದರೆ ವಕೀಲರ ಖರ್ಚು ಯಾರದು, ನಾವು ವಿಮಾನ ಹತ್ತಿದ ಮೇಲೆ ಅವರಿಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಅರ್ಧ ಹಣ ಮುಂಗಡ ಕೊಡುವುದು ನ್ಯಾಯ, ಏಕೆಂದರೆ ಬ್ಯಾಂಕ್ ವರ್ಗಾವಣೆ ವಾರಗಟ್ಟಲೆ ಹಿಡಿಯುತ್ತದೆ. ಕೀನ್ಯಾದಲ್ಲಿ ಎಂ-ಪೆಸಾ, ಪಶ್ಚಿಮದಲ್ಲಿ ಆರೆಂಜ್ ಮನಿ, ವೇವ್ ಇರುವುದರಿಂದ ಕೈಗೆ ಬೇಗ ಸೇರುತ್ತದೆ, ಬಂದ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ನಮ್ಮ ಅಕೌಂಟ್ಸ್ ವಿಭಾಗಕ್ಕೆ ರಸೀದಿ. ಕಾರ್ಯಕ್ರಮಕ್ಕೆ ಬಂದ ಪತ್ರಕರ್ತರಿಗೆ ಸಂಘಟಕರು ಲಕೋಟೆ ಕೊಡುವ ಪದ್ಧತಿ ಎಲ್ಲೆಡೆ ಇದೆ. ಘಾನಾದಲ್ಲಿ ಅದಕ್ಕೆ 'ಸೋಲಿ', ಕ್ಯಾಮೆರೂನಿನಲ್ಲಿ 'ಗೊಂಬೊ' ಅಂದರೆ ಬೆಂಡೆಕಾಯಿ. ನಮ್ಮ ಕಡೆಯ 'ಕವರ್' ಬಲ್ಲವರು ಮೂಗು ಮುರಿಯುವ ಅಗತ್ಯವಿಲ್ಲ. ಸಂಬಳ ಕೊಡದ ಪತ್ರಿಕೆಯ ವರದಿಗಾರ ಲಕೋಟೆಯಿಂದ ಬದುಕುತ್ತಾನೆ. ಆದರೆ ಅವನ ವಿಮರ್ಶೆಯನ್ನು ಉಲ್ಲೇಖಿಸುವ ಮೊದಲು ಅದು ಲಕೋಟೆಯ ವಿಮರ್ಶೆಯೋ ಎಂದು ನೋಡುವುದು ನಮ್ಮ ಕೆಲಸ.

ಅಪಾಯ ಕೂಡ ಸಮನಾಗಿ ಹಂಚಿಲ್ಲ. ಬುರ್ಕಿನಾದ ವಾರಪತ್ರಿಕೆಯ ಸಂಪಾದಕ ನೊರ್ಬೆರ್ ಜೊಂಗೊ ಅಧ್ಯಕ್ಷರ ತಮ್ಮನ ಚಾಲಕನ ಸಾವಿನ ಬೆನ್ನು ಹತ್ತಿದ್ದರು; 1998ರ ಡಿಸೆಂಬರ್ 13ರಂದು ಅವರೂ ಜೊತೆಗಿದ್ದ ಮೂವರೂ ಸುಟ್ಟ ಕಾರಿನಲ್ಲಿ ಹೆಣವಾಗಿ ಸಿಕ್ಕರು. ಈಗಿನ ಸೇನಾ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊವನ್ನು, ಮರುವರ್ಷ ಫ್ರಾನ್ಸ್ 24 ಟಿವಿಯನ್ನು ನಿಲ್ಲಿಸಿತು, 'ಲ ಮೊಂಡ್' ಮತ್ತು 'ಲಿಬೆರಾಸ್ಯೊನ್' ಪತ್ರಿಕೆಗಳ ವರದಿಗಾರ್ತಿಯರನ್ನು ಹೊರಹಾಕಿತು. ಹೊರಹಾಕಿಸಿಕೊಳ್ಳುವವರಿಗೆ ಹೋಗಲು ಒಂದು ಊರಿದೆ. ಉಳಿಯುವವರು ಸುದ್ದಿ ಬರೆಯುವುದನ್ನು ಬಿಟ್ಟು ಸಿನಿಮಾ, ಸಂಗೀತ ಬರೆಯಲು ಶುರು ಮಾಡುತ್ತಾರೆ, ಅದರೊಳಗೆ ಹೇಳಬೇಕಾದ್ದನ್ನು ಹೇಳುತ್ತಾರೆ. ಸೇನಾಡಳಿತದ ಊರಿನಿಂದ ಬರುವ ಸಿನಿಮಾ ವಿಮರ್ಶೆಯನ್ನು ನಮ್ಮ ಡೆಸ್ಕು ಎರಡು ಸಲ ಓದಬೇಕು ಎನ್ನುವುದು ಇದಕ್ಕೇ.

2025ರ ಫೆಬ್ರವರಿ 19ರ ಒಂದು ದಿನ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಮಾಲಿಯ ಹಿರಿಯ ನಿರ್ದೇಶಕ ಸುಲೇಮಾನ್ ಸಿಸ್ಸೆ, 84 ವರ್ಷ, ಯೆನ್ನೆಂಗಾಳ ಕುದುರೆಯನ್ನು ಎರಡು ಸಲ ಗೆದ್ದವರು, ಮೂರು ದಿನದಲ್ಲಿ ಶುರುವಾಗಲಿದ್ದ ಫೆಸ್ಪಾಕೊದ ತೀರ್ಪುಗಾರರ ಮುಖ್ಯಸ್ಥರಾಗಿ ಹೊರಡಬೇಕಿತ್ತು. ಬೆಳಿಗ್ಗೆ ಬಮಾಕೊದಲ್ಲಿ ಪತ್ರಿಕಾಗೋಷ್ಠಿ ನಡೆಸಿದರು. ದೇಶ ಆಳುತ್ತಿರುವ ಸೈನಿಕರಿಗೆ ಒಂದೇ ಬೇಡಿಕೆ: ಸಿನಿಮಾ ತೆಗೆದರೆ ಸಾಲದು, ತೋರಿಸಲು ಟಾಕೀಸು ಬೇಕು, ಕಟ್ಟಲು ನೆರವಾಗಿ, ನಾನು ಸಾಯುವ ಮೊದಲು ಕೇಳುತ್ತಿದ್ದೇನೆ. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಗಿನ ಗೋಷ್ಠಿಗೆ ಹೋದ ವರದಿಗಾರರ ನೋಟ್‌ಬುಕ್ಕಿನಲ್ಲಿ ಆ ಮಾತು ಇತ್ತು. ಸಂಜೆ ಜಗತ್ತಿನ ದೊಡ್ಡ ಪತ್ರಿಕೆಗಳು ಮೊದಲೇ ಬರೆದಿಟ್ಟ ಶ್ರದ್ಧಾಂಜಲಿಯನ್ನು ತೆಗೆದವು: 1987ರಲ್ಲಿ ಕಾನ್ ಸಿನಿಮಾ ಹಬ್ಬದಲ್ಲಿ ತೀರ್ಪುಗಾರರ ಬಹುಮಾನ, ಮಾಸ್ಕೊದಲ್ಲಿ ಸಿನಿಮಾ ಶಿಕ್ಷಣ, ಇತ್ಯಾದಿ. ಸಿದ್ಧಪ್ರತಿಯಲ್ಲಿ ಬೆಳಗಿನ ಗೋಷ್ಠಿಗೆ ಜಾಗ ಮಾಡಲು ಕಾನ್ ಪ್ಯಾರಾವನ್ನು ಕೆಳಗೆ ತಳ್ಳಬೇಕಾಗುತ್ತದೆ. ಡೆಸ್ಕಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪಿಸುವ ದಾರಿ ಒಂದೇ: ಉಲ್ಲೇಖವನ್ನು ಧ್ವನಿಮುದ್ರಣದ ನಿಮಿಷ-ಸೆಕೆಂಡಿನ ಸಮೇತ ಕಳಿಸಿ, ಟಾಕೀಸಿನ ಬೇಡಿಕೆಯನ್ನು ಎರಡನೇ ಪ್ಯಾರಾದಲ್ಲಿ ತಾನೇ ಜೋಡಿಸಿ, ಫೋನ್ ಮಾಡಿ ಅವರು ಪುಟ ಬಿಡುವವರೆಗೆ ಫೋನ್ ಇಡದೆ ಇರುವುದು.